ರೋಗ ಒಂದೇ, ಕೇರಿ ಬೇರೆ

(ರೋಗಿಗಳು ಹಾಗೂ ಅವರ ಕಡೆಯವರಿಗಾಗಿ ಏರ್ಪಡಿಸಿದ್ದ ತಿಳಿವಳಿಕೆ ಸಭೆಯಲ್ಲಿ ಸ್ತ್ರೀರೋಗ ತಜ್ಞರು ಮಾಡಿದ ಭಾಷಣ)



ಗರ್ಭಕೋಶದ ಕ್ಯಾನ್ಸರ್ ಎಂದ ಕೂಡಲೇ ಅನೇಕ ತಾಯಂದಿರು "ನನ್ನ ಹಣೆಬರಹ" ಎಂದು ಕಣ್ಣೀರು ಹಾಕುತ್ತಾರೆ. ಆದರೆ ಈ ರೋಗ ಬಂದವರಲ್ಲಿ ಯಾರು ಉಳಿಯುತ್ತಾರೆ ಎಂಬುದರಲ್ಲಿ ನಾವಿರುವ ಊರು, ಕೇರಿ, ಕೈಯಲ್ಲಿರುವ ದುಡ್ಡು, ಆಸ್ಪತ್ರೆಯ ದೂರ ಇವುಗಳ ಪಾಲು ದೊಡ್ಡದು. ಅಮೆರಿಕೆಯಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ.

ಅಲ್ಲಿನ ಬಾಲ್ಟಿಮೋರ್ ನಗರದ ಬಳಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ತಾಯಿ ಇದ್ದರು. ಐದು ಮಕ್ಕಳು. ಹೊಟ್ಟೆಯೊಳಗೆ ಗಂಟು ಇದ್ದಂತಾಗುತ್ತದೆ ಎಂದು ವರ್ಷಕ್ಕೂ ಮೊದಲೇ ಬಳಗದ ಹೆಣ್ಣುಮಕ್ಕಳ ಹತ್ತಿರ ಹೇಳಿಕೊಂಡಿದ್ದರು. ವೈದ್ಯರು ಗರ್ಭಕೋಶವನ್ನೇ ತೆಗೆದುಬಿಟ್ಟಾರು ಎಂಬ ಹೆದರಿಕೆಯಿಂದ ಹೋಗಲಿಲ್ಲ. ರಕ್ತ ಹೋಗತೊಡಗಿದ ಮೇಲೆ, 1951ರ ಜನವರಿಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದರು. ಕಪ್ಪು ಜನರನ್ನು ಸೇರಿಸಿಕೊಳ್ಳುವ ಆಸ್ಪತ್ರೆಗಳು ಆಗ ಕಡಿಮೆ. ಅಲ್ಲಿಯೂ ಅವರಿಗೆ ಬೇರೆ ವಾರ್ಡು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು.

ಇದು ಹಳೆಯ ಕಥೆ ಎನ್ನಬೇಡಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗರ್ಭಕೋಶ ತೆಗೆಸಿಕೊಂಡವರನ್ನು ಬಿಟ್ಟು ಲೆಕ್ಕ ಹಾಕಿದಾಗ, ಈ ಕ್ಯಾನ್ಸರಿನಿಂದ ವರ್ಷಕ್ಕೆ ಲಕ್ಷ ಬಿಳಿ ಹೆಂಗಸರಲ್ಲಿ ಸುಮಾರು 5 ಮಂದಿ, ಲಕ್ಷ ಕಪ್ಪು ಹೆಂಗಸರಲ್ಲಿ ಸುಮಾರು 10 ಮಂದಿ ಸಾಯುತ್ತಿದ್ದರು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಎರಡೂ ಜನಾಂಗಗಳಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಸಾವು ಮಾತ್ರ ಕಪ್ಪು ಹೆಂಗಸರಲ್ಲಿ ಸುಮಾರು ಎರಡು ಪಟ್ಟು.

ಏಕೆ ಹೀಗೆ? ಕೆಲವು ತೀವ್ರ ಬಗೆಯ ಗಡ್ಡೆಗಳು ಕಪ್ಪು ಹೆಂಗಸರಲ್ಲಿ ಹೆಚ್ಚು ಎಂಬುದು ನಿಜ. ಅಷ್ಟರಿಂದಲೇ ಇಷ್ಟು ಅಂತರ ಬರುವುದಿಲ್ಲ. 1930ರ ದಶಕದಲ್ಲಿ ಅಲ್ಲಿ ನಗರಗಳ ನಕ್ಷೆ ಬರೆದು, ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿದರು. ಅಲ್ಲಿಯವರಿಗೆ ಮನೆ ಸಾಲ ಸಿಗುತ್ತಿರಲಿಲ್ಲ. 1968ರಲ್ಲಿ ಕಾನೂನು ಈ ಭೇದವನ್ನು ನಿಷೇಧಿಸಿತು. ಆದರೆ ಬಡತನ ಅಲ್ಲೇ ಉಳಿಯಿತು. ಅಲಬಾಮಾ ರಾಜ್ಯದ ಹಳ್ಳಿಗಾಡಿನಲ್ಲಿ ಇಂದಿಗೂ ಎಷ್ಟೋ ಕಡೆ ಸ್ತ್ರೀರೋಗ ತಜ್ಞರಿಲ್ಲ, ಬಸ್ಸಿಲ್ಲ, ವಿಮೆಯಿಲ್ಲ. ಪರೀಕ್ಷೆಯಲ್ಲಿ ದೋಷ ಕಂಡರೂ ಮುಂದಿನ ತಪಾಸಣೆಗೆ ದೂರದ ಪಟ್ಟಣಕ್ಕೆ ಹೋಗಬೇಕು. ಅಂದಿನ ಕೂಲಿ ಹೋಗುತ್ತದೆ. ನಾಳೆ, ನಾಳಿದ್ದು ಎನ್ನುವುದರೊಳಗೆ ರೋಗ ಬಲಿಯುತ್ತದೆ.

ಈಗ ಸಮಾಧಾನದ ಮಾತು. ಅಮೆರಿಕೆಯ ಸೇನೆಯ ಆರೋಗ್ಯ ವ್ಯವಸ್ಥೆಯಲ್ಲಿ ಎಲ್ಲರಿಗೂ ಒಂದೇ ಚಿಕಿತ್ಸೆ. ಅಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಕಪ್ಪು, ಬಿಳಿ ಹೆಂಗಸರು ಸಮಾನವಾಗಿ ಬದುಕಿದ್ದರು ಎಂದು 2001ರ ಅಧ್ಯಯನ ತೋರಿಸಿತು.

ನಮ್ಮಲ್ಲಿಯೂ ಬಡತನ, ಜಾತಿಯ ಭೇದ, ದೂರ, ನಾಚಿಕೆ ಇವು ಹೆಂಗಸರನ್ನು ತಡೆಯುತ್ತವೆ. ದಾರಿಯೂ ನಮ್ಮಲ್ಲೇ ಇದೆ. ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರಲ್ಲಿ ಅಧ್ಯಯನ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ವಿನೆಗರ್ ಹಚ್ಚಿ ನೋಡುವ ಸರಳ ಪರೀಕ್ಷೆ ಮಾಡಿದ ಗುಂಪಿನಲ್ಲಿ, ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು.

ಆದ್ದರಿಂದ ತಾಯಂದಿರೇ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಗಂಡ-ಹೆಂಡಿರು ಕೂಡಿದ ನಂತರ ರಕ್ತ ಹೋದರೂ, ವಾಸನೆಯ ಬಿಳುಪು ಹೋಗುತ್ತಿದ್ದರೂ ಮುಚ್ಚಿಡಬೇಡಿ. ಮೂವತ್ತು ದಾಟಿದವರು ತೊಂದರೆ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ. ಜೊತೆಗೆ ಬಂದಿರುವ ಗಂಡಸರಿಗೂ ಒಂದು ಮಾತು: ಮನೆಯಾಕೆ ಹೇಳಿದ ದಿನವೇ ಕರೆತನ್ನಿ, ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ.

ಹೆನ್ರಿಯೆಟಾ ಅವರಿಂದ, ಅವರನ್ನು ಕೇಳದೆಯೇ ತೆಗೆದಿಟ್ಟಿದ್ದ ಜೀವಕೋಶಗಳಲ್ಲಿ ಎಚ್‌ಪಿವಿ ಎಂಬ ವೈರಸ್ ಇರುವುದು ಮುಂದೆ ಗೊತ್ತಾಯಿತು. ಇಂದು ಅದನ್ನು ತಡೆಯುವ ಲಸಿಕೆ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸಿದರೆ ಹೆಚ್ಚು ಫಲ. ನಿಮ್ಮ ಮನೆಯ ಮಗಳ ಬಗ್ಗೆ ಇಂದೇ ವಿಚಾರಿಸಿ. ಊರಿಗೆ ಹೋದ ಮೇಲೆ ಪಕ್ಕದ ಮನೆಯವರಿಗೂ ತಿಳಿಸಿ.