ಎಳೆದರೆ ಅಗಲವಾಗುವ ಹಾಳೆ

ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಎಳೆಯಿರಿ. ಉದ್ದವಾದಂತೆಲ್ಲ ನಡು ಸಣ್ಣಗಾಗುತ್ತದೆ, ಅಲ್ಲವೇ? ಉಕ್ಕಿನದೂ ಇದೇ ಚಾಳಿ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಆದರೆ ಎಳೆದಾಗ ಅಗಲವೂ ಹೆಚ್ಚುವ ವಸ್ತುಗಳಿವೆ. 1987ರಲ್ಲಿ ಅಮೆರಿಕದ ರಾಡರಿಕ್ ಲೇಕ್ಸ್ ಅಂಥದೊಂದು ಸ್ಪಂಜು ಮಾಡಿ ತೋರಿಸಿದರು. ಇಂಥವಕ್ಕೆ ‘ಆಕ್ಸೆಟಿಕ್’ ಎಂದು ಹೆಸರು.

ನೀವೂ ಒಂದನ್ನು ಮಾಡಬಹುದು. ಸ್ಟೇಷನರಿ ಅಂಗಡಿಯ ಫೋಮ್ ಶೀಟಿನಲ್ಲಿ ಒಂದು ಸೀಳು ಅಡ್ಡಕ್ಕೆ, ಪಕ್ಕದ್ದು ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಹೀಗೆ ಸಾಲುಸಾಲಾಗಿ ಸೀಳಿ. ಪ್ರತಿ ಸೀಳಿನ ತುದಿ ಪಕ್ಕದ ಸೀಳಿನ ನಡುಮಧ್ಯಕ್ಕೆ ಇನ್ನೇನು ಮುಟ್ಟಿತು ಅನ್ನುವಾಗ ನಿಲ್ಲಬೇಕು. ಆಗ ಹಾಳೆಯೆಲ್ಲ ಚೌಕಗಳಾಗುತ್ತದೆ. ಚೌಕಗಳು ಮೂಲೆಯಲ್ಲಿ ಮಾತ್ರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಈಗ ಎಳೆದರೆ ಒಂದು ಚೌಕ ಎಡಕ್ಕೆ ತಿರುಗುತ್ತದೆ, ನೆರೆಯದು ಬಲಕ್ಕೆ. ಸೀಳುಗಳು ಬಾಯಿ ಬಿಡುತ್ತವೆ, ಹಾಳೆ ಉದ್ದಕ್ಕೂ ಅಗಲಕ್ಕೂ ಬೆಳೆಯುತ್ತದೆ. ಗಮನಿಸಿ, ಚೌಕಗಳು ತಾವು ಹಿಗ್ಗಿಲ್ಲ, ಬರೀ ತಿರುಗಿವೆ.

ನಾನು ಮೊದಲು ಮಾಡಿದ್ದು ನಾಲ್ಕೇ ಎಳೆತಕ್ಕೆ ಹರಿದು ಕೈಗೆ ಬಂತು! ಹರಿದದ್ದು ಸೀಳಿನ ತುದಿಯಲ್ಲೇ. ಶಾಂಪೂ ಪೊಟ್ಟಣವನ್ನು ಹಲ್ಲುಹಲ್ಲಾದ ಅಂಚಿನಿಂದ ಹರಿಯುತ್ತೀರಲ್ಲ, ಅದೇ ಗುಟ್ಟು: ಚೂಪು ಕಂಡಲ್ಲಿ ಎಳೆತವೆಲ್ಲ ಬಂದು ಗುಂಪುಗೂಡುತ್ತದೆ. ಇದನ್ನು ಲೆಕ್ಕ ಹಾಕಿದವರಿದ್ದಾರೆ. ದೊಡ್ಡ ತಗಡಿನ ನಡುವೆ ಒಂಟಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್, ಅಂದರೆ ಒಂದಿಷ್ಟು ಜಾಗದ ಮೇಲೆ ಬೀಳುವ ಎಳೆತ, ತೂತಿನಿಂದ ದೂರದಲ್ಲಿರುವುದರ 3 ಪಟ್ಟಾಗುತ್ತದೆ. ಎಳೆತಕ್ಕೆ ಅಡ್ಡವಾಗಿ ಮಲಗಿದ, ಅಗಲಕ್ಕಿಂತ 5 ಪಟ್ಟು ಉದ್ದವಾದ ದೀರ್ಘವೃತ್ತದ ತೂತಾದರೆ 11 ಪಟ್ಟು.

ಹಾಗಾದರೆ ದುಂಡು ತೂತೇ ಸಾಕಲ್ಲ? ಅಲ್ಲಿ ಚೌಕಗಳು ತಿರುಗುವುದಿಲ್ಲವಲ್ಲ! ಹಾರ್ವರ್ಡ್ ವಿಶ್ವವಿದ್ಯಾಲಯದ ಕಾಟ್ಯಾ ಬರ್ತೋಲ್ಡಿ ಅವರ ತಂಡ ಹುಡುಕಿದ ನಡುದಾರಿ ನನಗೆ ಬಹಳ ಇಷ್ಟ. ನಮ್ಮ ಅವಗ್ರಹ ‘ಽ’ ಇದೆಯಲ್ಲ, ಹಾಗೆ ಬಳುಕುವ, ತುದಿ ದುಂಡಾದ ಸೀಳು. ಪದೇ ಪದೇ ಎಳೆದುಬಿಟ್ಟಾಗ ಇಂಥ ಸೀಳಿನ ಲೋಹದ ತಗಡು ದುಂಡು ತೂತಿನದಕ್ಕಿಂತ ಹೆಚ್ಚು ಬಾಳಿತು. ಗ್ಯಾಸ್ ಟರ್ಬೈನಿನ ಉರಿಕೋಣೆಯ ಗೋಡೆಗೆ ಇದು ಬೇಕು. ತಂಪು ಗಾಳಿ ನುಗ್ಗಲು ಅಲ್ಲಿ ತೂತುಗಳು ಇರಲೇಬೇಕು; ಕಾದು ಹಿಗ್ಗಿ, ತಣಿದು ಕುಗ್ಗಿ ಆ ತೂತುಗಳ ಬಳಿಯೇ ಬಿರುಕು ಏಳುತ್ತದೆ.

ನಿಮ್ಮ ಹಾಳೆಯ ಅರ್ಧ ಸೀಳುಗಳ ತುದಿಗೆ ಒಂದೊಂದು ಪುಟ್ಟ ದುಂಡು ತೂತು ಮಾಡಿ, ಉಳಿದರ್ಧ ಹಾಗೇ ಇರಲಿ. ಯಾವ ಅರ್ಧ ಮೊದಲು ಹರಿಯುತ್ತದೆ, ಎಷ್ಟನೇ ಎಳೆತಕ್ಕೆ ಎಂದು ಬರೆದಿಡಿ. ಬ್ಲೇಡು ಮಾತ್ರ ದೊಡ್ಡವರ ಕೈಯಲ್ಲಿರಲಿ.