ಆವಿಗೆ ಎಲ್ಲರದು, ಒಡಕೂ ಎಲ್ಲರದು

(ಕುಂಬಾರರ ಸಭೆಯಲ್ಲಿ ಮಾಡಿದ ಭಾಷಣ)



‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಊರೆಲ್ಲ ಬಲ್ಲದು. ದೊಣ್ಣೆ ಬೀಳುವ ಮೊದಲೇ ಬೆಂಕಿಯಲ್ಲಿ ಒಡೆದ ಗಡಿಗೆಗಳ ಲೆಕ್ಕ ಮಾತ್ರ ನಮ್ಮ ಮನೆಗಳಿಗೇ ಗೊತ್ತು. ಬಯಲಿನಲ್ಲಿ ಹುಲ್ಲು, ಕುಳ್ಳು, ಸೌದೆ ಒಟ್ಟಿ ಸುಡುವಾಗ ಗಾಳಿ ಒಂದು ಮಗ್ಗುಲಿಗೆ ಬೀಸಿದರೆ ಆ ಕಡೆಯ ಮಡಕೆ ಬಿರಿಯುತ್ತದೆ. ಈ ಕಡೆಯದು ಸರಿಯಾಗಿ ಬೇಯುವುದಿಲ್ಲ. ಸೌದೆಗೆ ಮುಂಗಡ ಕೊಟ್ಟ ವ್ಯಾಪಾರಿ ಈ ನಷ್ಟವನ್ನು ಕೇಳುವುದಿಲ್ಲ. ಉಳಿದ ಮಾಲನ್ನು ತಾನು ಹೇಳಿದ ದರಕ್ಕೇ ಒಯ್ಯುತ್ತಾನೆ.

ಆದುದರಿಂದ ಹತ್ತು ಮನೆಯವರು ಕೂಡಿ ಒಂದು ಆವಿಗೆ ಕಟ್ಟೋಣವೆನ್ನುತ್ತೇವೆ. ಕೆಳಗೆ ಬೆಂಕಿಗೂಡು, ಅದರ ಮೇಲೆ ತೂತುಗಳುಳ್ಳ ಇಟ್ಟಿಗೆಯ ಅಟ್ಟ, ಸುತ್ತ ದಪ್ಪ ಗೋಡೆ. ಗೋಡೆಯನ್ನು ಕೆಸರುಮಣ್ಣಿನಿಂದಲೇ ಕಟ್ಟಬೇಕು. ಸಿಮೆಂಟು ಆ ಕಾವಿಗೆ ಉದುರಿಹೋಗುತ್ತದೆ. ಮಡಕೆ ಜೋಡಿಸಿ ಮೇಲೆ ಬೋಕಿ ಮುಚ್ಚಿದರೆ ಕಾವು ಬಯಲಿಗೆ ಹಾರದೆ ಪಾತ್ರೆಗಳ ನಡುವೆಯೇ ಏರುತ್ತದೆ.

ಬೆಂಕಿಗೆ ಅವಸರ ಆಗದು. ಮೊದಲ ಕೆಲವು ಗಂಟೆ ಸಣ್ಣ ಉರಿ ಸಾಕು. ಮಣ್ಣಿನ ನೀರು ಆವಿಯಾಗಿ ಹೋಗಬೇಕು. ೫೭೩ ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಮಣ್ಣಿನೊಳಗಿನ ಬೆಣಚುಕಲ್ಲಿನ ಕಣಗಳು ಒಮ್ಮೆಗೇ ಹಿಗ್ಗುತ್ತವೆ, ಆರುವಾಗ ಅಲ್ಲಿಯೇ ಕುಗ್ಗುತ್ತವೆ. ಏರುವಾಗಲೂ ಇಳಿಯುವಾಗಲೂ ಆ ಹಂತದಲ್ಲಿ ನಿಧಾನ ಬೇಕು. ಆಮೇಲೆ ಸೀಳಿದ ಒಣ ಸೌದೆಯನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಸುಮಾರು ೯೦೦ ಡಿಗ್ರಿಗೆ ಒಯ್ಯಬೇಕು. ಒಮ್ಮೆಲೇ ತುರುಕಿದರೆ ಗಾಳಿ ಸಾಲದೆ ಕಪ್ಪು ಹೊಗೆ ಏಳುತ್ತದೆ, ಸೌದೆ ದಂಡ. ಇಷ್ಟು ಹೊತ್ತು ಒಬ್ಬನೇ ಕಾಯಲಾರ, ಸರದಿ ಬೇಕು.

ಗೋಡೆ ಕಟ್ಟುವುದು ಸುಲಭ, ಲೆಕ್ಕ ಇಡುವುದು ಕಷ್ಟ. ಉರಿಯ ಬಾಯಿಗೆ ಹತ್ತಿರವಿರುವ ಮಡಕೆ ಹೆಚ್ಚು ಒಡೆಯುತ್ತದೆ. ಆ ಜಾಗ ಯಾರಿಗೆ? ಬಡವನಿಗೇ ಆದರೆ ಹಳೆಯ ಅನ್ಯಾಯಕ್ಕೆ ನಾವೇ ಹೊಸ ಗೋಡೆ ಕಟ್ಟಿದಂತೆ. ಆದ್ದರಿಂದ ಮೂರು ಕಟ್ಟಳೆ ಬೇಕು.

ಒಂದು: ಸೌದೆಯ ಖರ್ಚು ಅವರವರು ತುಂಬಿದ ಜಾಗದಂತೆ, ಜಾಗ ಚೀಟಿ ಎತ್ತಿ, ಒಡಕಿನ ನಷ್ಟ ಎಲ್ಲರಿಗೂ ಹಂಚಿ.

ಎರಡು: ಹಸಿ ಮಡಕೆ ಸಿಡಿದರೆ ನೆರೆಯ ಮಡಕೆಗಳನ್ನೂ ಒಡೆಯುತ್ತದೆ. ಯಾರ ಮಡಕೆಯನ್ನಾದರೂ ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಹೊರಗಿಡುವ ಹಕ್ಕು ಎಲ್ಲರಿಗೂ ಇರಲಿ.

ಮೂರು: ತಿಗರಿ ತಿರುಗಿಸುವವನ ಹೆಸರಷ್ಟೇ ಅಲ್ಲ, ಮಣ್ಣು ಹದಮಾಡಿ ಸೌದೆ ಹೊತ್ತ ಹೆಂಗಸರ ಹೆಸರೂ ಪುಸ್ತಕದಲ್ಲಿ ಬರಲಿ. ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಂತೆ ಸಂಘ ನೋಂದಾಯಿಸಿದರೆ ಸದಸ್ಯರಿಗೆ ತಲೆಗೊಂದು ಮತ. ಗಂಡನಿಗೊಂದು, ಹೆಂಡತಿಗೊಂದು.

ಸುಟ್ಟ ಮೇಲೆ ಆವಿಗೆಯ ಬಾಯಿ ಮುಚ್ಚಿ ತಣಿಯಗೊಡಬೇಕು. ವ್ಯಾಪಾರಿಯ ಲಾರಿ ಬಂದು ನಿಂತಿತೆಂದು ಬಿಸಿಯಲ್ಲೇ ತೆರೆದರೆ ದುಡಿಮೆಯೆಲ್ಲ ಬಿರಿಯುತ್ತದೆ. ಮುಂಗಡದ ಹಂಗಿಲ್ಲದವನು ಮಾತ್ರ ಕಾಯಬಲ್ಲ. ಅದಕ್ಕಾಗಿ ಪ್ರತಿ ಸುಡುವಿಕೆಯ ಮಾರಾಟದಿಂದ ಮುಂದಿನ ಸೌದೆಗೆಂದು ಒಂದು ಪಾಲು ತೆಗೆದಿಡೋಣ. ಮಳೆಗೆ ಮುಂಚೆ ಗೋಡೆ ಒಣಗಬೇಕು. ಇಟ್ಟಿಗೆ ಹೊರಲು ಎಲ್ಲರೂ ಬರೋಣ.