ಮಳೆಗಾಲದ ಬೆಳಕು: ಸೌರವಿದ್ಯುತ್ತಿಗೆ ಜತೆಯಾಗುವ ಜನರೇಟರ್ ಯಾವುದು?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿಗೂ ವಿದ್ಯುತ್ತಿಗೂ ಇರುವ ಸಂಬಂಧ ವಿಚಿತ್ರವಾದುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ನೀರಿನಿಂದ ನಾಡಿನ ಊರೂರುಗಳಿಗೆ ಬೆಳಕು ಹರಿಯಿತು. ಆ ಬೆಳಕಿಗಾಗಿ ಮನೆ, ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಅನೇಕವು ದಶಕಗಳ ಕಾಲ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ದಿನ ದೂಡಿದವು. ಇಂಥ ಒಂಟಿ ಮನೆಗಳಿಗೆ ಮೊದಲು ತಲುಪಿದ ವಿದ್ಯುತ್ತು ಸೌರಫಲಕದ್ದು. 1995ರಲ್ಲಿ ಆರಂಭವಾದ ಸೆಲ್ಕೊದಂತಹ ಸಂಸ್ಥೆಗಳು ಬ್ಯಾಂಕ್ ಸಾಲದ ನೆರವಿನೊಡನೆ ಹಳ್ಳಿಯ ಮನೆಗಳಿಗೆ ಸೌರದೀಪ ತಂದವು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಆದರೆ ಮಲೆನಾಡಿನ ಸೌರವಿದ್ಯುತ್ತಿಗೆ ಒಂದು ಪರೀಕ್ಷೆಯ ಕಾಲವಿದೆ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಸೂರ್ಯದರ್ಶನ ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಸುರಿಯುವುದು ಈ ದಿನಗಳಲ್ಲಿಯೇ. ದಟ್ಟ ಮೋಡದ ದಿನ ಫಲಕವೊಂದು ಕೊಡುವುದು ಬಿಸಿಲಿನ ದಿನದ ಹತ್ತನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಮಾತ್ರ. ದೀಪ ಮಂಕಾಗುತ್ತದೆ, ಇನ್ವರ್ಟರ್ ಕೂಗಿಕೊಳ್ಳುತ್ತದೆ, ಮನೆಯವರು ಜನರೇಟರ್ ಕೊಳ್ಳುವ ಯೋಚನೆ ಮಾಡುತ್ತಾರೆ. ಯಾವುದನ್ನು ಕೊಳ್ಳಬೇಕು, ಎಷ್ಟು ದೊಡ್ಡದನ್ನು ಕೊಳ್ಳಬೇಕು, ಕೊಳ್ಳಲೇಬೇಕೆ ಎಂಬುದೇ ಇಂದಿನ ವಿಷಯ.

ಕತ್ತಲೆಗಿಂತ ದೊಡ್ಡ ನಷ್ಟ

ಮಳೆಗಾಲದಲ್ಲಿ ಆಗುವ ನಿಜವಾದ ನಷ್ಟ ನಾಲ್ಕು ದಿನದ ಕತ್ತಲೆಯಲ್ಲ, ಬ್ಯಾಟರಿಯ ಸಾವು. ಸೀಸ-ಆಮ್ಲದ ಬ್ಯಾಟರಿ ಅರೆ ಹೊಟ್ಟೆಯಲ್ಲಿ ವಾರಗಟ್ಟಲೆ ಉಳಿದರೆ ಅದರೊಳಗಿನ ತಗಡುಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದು ಮುಂದೆ ಎಷ್ಟೇ ಬಿಸಿಲು ಬಂದರೂ ಪೂರ್ತಿ ಕರಗುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಐದಾರು ವರ್ಷ ಬಾಳಬಹುದಾದ ಬ್ಯಾಟರಿ ಎರಡು ಮಳೆಗಾಲಗಳಲ್ಲಿಯೇ ಸೋಲುವುದು ಹೀಗೆ. ಸಾಲದ ಕಂತು ಮುಗಿಯುವ ಮೊದಲೇ ಬ್ಯಾಟರಿ ಸತ್ತಾಗ ಜನ 'ಸೋಲಾರ್ ನಮ್ಮೂರಿಗೆ ಆಗಿಬರುವುದಿಲ್ಲ' ಎನ್ನುತ್ತಾರೆ. ಆ ಮಾತಿನ ಬೆನ್ನಿಗೇ ಕಾಡಿನ ನಡುವೆ ಮರ ಕಡಿದು ತಂತಿ ಎಳೆಯುವ ಬೇಡಿಕೆ ಏಳುತ್ತದೆ. ಆದುದರಿಂದ ಬೆಂಬಲ ವಿದ್ಯುತ್ತಿನ ಪ್ರಶ್ನೆ ಒಂದು ಮನೆಯ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮನೆಯ ಎಲ್ಲ ಉಪಕರಣಗಳನ್ನು ಒಮ್ಮೆಗೇ ನಡೆಸುವುದು ಜನರೇಟರಿನ ಕೆಲಸವಲ್ಲ. ಬ್ಯಾಟರಿಯನ್ನು ತುಂಬುವುದು ಅದರ ಕೆಲಸ. ಈ ವ್ಯತ್ಯಾಸ ತಿಳಿಯದೆ ಹೋದಾಗ ಒಂದು ಕೆ.ವಿ.ಎ. ಸಾಕಾಗುವಲ್ಲಿ ಐದು ಕೆ.ವಿ.ಎ. ಯಂತ್ರ ಬಂದು ಕೂರುತ್ತದೆ.

ಲೆಕ್ಕ ಮೊದಲು, ಯಂತ್ರ ಆಮೇಲೆ

ಉದಾಹರಣೆಗೆ ಒಂದು ಮನೆಯನ್ನು ತೆಗೆದುಕೊಳ್ಳಬಹುದು. 7 ವ್ಯಾಟಿನ ಐದು ಎಲ್.ಇ.ಡಿ. ದೀಪ ಐದು ಗಂಟೆ ಉರಿದರೆ 175 ವ್ಯಾಟ್-ಗಂಟೆ. ಟಿ.ವಿ. ಮೂರು ಗಂಟೆಗೆ 120. ವಿದ್ಯಾರ್ಥಿಯ ಲ್ಯಾಪ್‌ಟಾಪ್ 150. ಮಿಕ್ಸಿ ಹತ್ತು ನಿಮಿಷಕ್ಕೆ 85. ಮೊಬೈಲ್‌ಗಳಿಗೆ 20. ಒಟ್ಟು 550. ಬ್ಯಾಟರಿ ಮತ್ತು ಇನ್ವರ್ಟರ್‌ಗಳಲ್ಲಿ ಆಗುವ ಸೋರಿಕೆ ಸೇರಿಸಿದರೆ ದಿನಕ್ಕೆ ಸುಮಾರು 700 ವ್ಯಾಟ್-ಗಂಟೆ, ಅಂದರೆ ಮುಕ್ಕಾಲು ಯೂನಿಟ್‌ಗೂ ಕಡಿಮೆ. ಆ ಮನೆಯ ಮಾಡಿನ ಮೇಲೆ 300 ವ್ಯಾಟಿನ ಫಲಕವಿದೆ. ಬೇಸಿಗೆಯಲ್ಲಿ ಅದು ದಿನಕ್ಕೆ 1,200 ಕೊಟ್ಟರೆ ಕಡುಮಳೆಯಲ್ಲಿ 280 ಕೊಡುತ್ತದೆ ಎಂದಿಟ್ಟುಕೊಂಡರೆ ದಿನವೂ 420ರ ಕೊರತೆ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳ ಒಟ್ಟು ಸಂಗ್ರಹ 3,600. ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಹೀಗಾಗಿ ತುಂಬಿದ ಬ್ಯಾಟರಿ ಈ ಕೊರತೆಯನ್ನು ನಾಲ್ಕು ದಿನ ತಾಳುತ್ತದೆ. ಐದನೆಯ ದಿನ ಹೊರಗಿನ ನೆರವು ಬೇಕು.

ಆ ನೆರವು ಎಷ್ಟಿರಬೇಕು? ಇಂಥ ಬ್ಯಾಟರಿಗೆ ಅದರ ಗಾತ್ರದ ಹತ್ತನೆಯ ಒಂದು ಭಾಗದಷ್ಟು, ಅಂದರೆ 15 ಆಂಪಿಯರ್ ಪ್ರವಾಹ ಹಿತವಾದುದು. ಸರಣಿಯಾಗಿ ಜೋಡಿಸಿದ ಎರಡು ಬ್ಯಾಟರಿಗಳಿಗೆ 28 ವೋಲ್ಟಿನಲ್ಲಿ 15 ಆಂಪಿಯರ್ ಎಂದರೆ 420 ವ್ಯಾಟ್. ಚಾರ್ಜರಿನ ನಷ್ಟ ಸೇರಿ 500 ವ್ಯಾಟ್. ಸಾಧಾರಣ ಚಾರ್ಜರಿನ ಪವರ್ ಫ್ಯಾಕ್ಟರ್ ಲೆಕ್ಕ ಹಿಡಿದರೆ ಸುಮಾರು 700 ವಿ.ಎ. ಸಮುದ್ರಮಟ್ಟದಿಂದ ಮೇಲೇರಿದಂತೆ ಗಾಳಿ ತೆಳುವಾಗಿ ಪ್ರತಿ 300 ಮೀಟರಿಗೆ ಎಂಜಿನ್ನಿನ ಬಲ ನೂರಕ್ಕೆ ಸುಮಾರು ಮೂರರಂತೆ ಕುಗ್ಗುತ್ತದೆ. 900 ಮೀಟರ್ ಎತ್ತರದ ಊರಿನಲ್ಲಿ ನೂರಕ್ಕೆ ಒಂಬತ್ತು ಕಳೆದರೂ ಒಂದು ಕೆ.ವಿ.ಎ.ಯ ಸಣ್ಣ ಯಂತ್ರ ಈ ಮನೆಗೆ ಸಾಕು. ಆದರೆ ಯಂತ್ರದ ಮೇಲೆ ಬರೆದಿರುವುದು ಕ್ಷಣಕಾಲದ ಗರಿಷ್ಠ ಬಲವೋ ನಿರಂತರವಾಗಿ ಕೊಡುವ ಬಲವೋ ಎಂಬುದನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯಬೇಕು. ಲೆಕ್ಕಕ್ಕೆ ಬರುವುದು ನಿರಂತರ ಬಲ ಮಾತ್ರ.

ಯಾವ ಇಂಧನ, ಯಾವ ಬಗೆ

ಮಲೆನಾಡಿನ ಮದುವೆ ಮನೆಗಳಲ್ಲಿ, ಯಕ್ಷಗಾನದ ಆಟಗಳಲ್ಲಿ ಒಂದು ಕಾಲಕ್ಕೆ ಪೆಟ್ರೋಲಿನಿಂದ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಯಂತ್ರಗಳು ಸಾಮಾನ್ಯವಾಗಿದ್ದವು. ಅಗ್ಗದ ಸೀಮೆಎಣ್ಣೆಯ ಕಾಲ ಮುಗಿದ ಮೇಲೆ ಅವುಗಳ ಅನುಕೂಲವೂ ಮುಗಿಯಿತು. ಈಗ ಆಯ್ಕೆ ಇರುವುದು ಮುಖ್ಯವಾಗಿ ಪೆಟ್ರೋಲ್ ಮತ್ತು ಡೀಸೆಲ್ ನಡುವೆ.

ಡೀಸೆಲ್ ಯಂತ್ರ ಗಟ್ಟಿಮುಟ್ಟು. ನಿಮಿಷಕ್ಕೆ 1,500 ಸುತ್ತು ತಿರುಗುವಂಥದು ದಿನವೂ ಹಲವು ಗಂಟೆ ದುಡಿಯಬಲ್ಲದು. ವಸತಿಶಾಲೆ, ಆಸ್ಪತ್ರೆಗಳಿಗೆ ಅದು ಯೋಗ್ಯ. ಆದರೆ ಅದಕ್ಕೆ ಭಾರವಿಲ್ಲದ ದುಡಿಮೆ ಒಗ್ಗದು. ಬಲದ ಅರ್ಧದಷ್ಟಾದರೂ ಹೊರೆ ಇಲ್ಲದೆ ಓಡಿಸುತ್ತ ಹೋದರೆ ಅರೆಬೆಂದ ಎಣ್ಣೆ ಮಸಿಯಾಗಿ ಎಂಜಿನ್ನಿನೊಳಗೂ ಹೊಗೆಕೊಳವೆಯಲ್ಲಿಯೂ ಅಂಟುತ್ತದೆ. ಐದು ಕೆ.ವಿ.ಎ.ಯ ಡೀಸೆಲ್ ಯಂತ್ರವನ್ನು ಒಂದು ಚಾರ್ಜರಿಗಾಗಿ ಓಡಿಸುವುದು ಒಂದು ಬುಟ್ಟಿ ಸೊಪ್ಪಿಗೆ ಲಾರಿ ಕಳಿಸಿದಂತೆ.

ವರ್ಷಕ್ಕೆ ಹತ್ತಿಪ್ಪತ್ತು ಸಲ ಮಾತ್ರ ಬಳಸುವ ಮನೆಗೆ ಸಣ್ಣ ಪೆಟ್ರೋಲ್ ಯಂತ್ರ, ಅದರಲ್ಲಿಯೂ ಇನ್ವರ್ಟರ್ ಬಗೆಯದು ಒಳ್ಳೆಯದು. ಹೊರೆ ಕಡಿಮೆಯಾದಾಗ ಅದರ ಎಂಜಿನ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಎಣ್ಣೆ ಉಳಿಯುತ್ತದೆ, ಸದ್ದು ಇಳಿಯುತ್ತದೆ, ಹೊರಬರುವ ವಿದ್ಯುತ್ತೂ ಶುದ್ಧವಾಗಿರುತ್ತದೆ. ಬೆಲೆ ಹೆಚ್ಚು ನಿಜ. ಆದರೆ ಕಾಲುಸಂಕ ದಾಟಿ ಒಬ್ಬರೇ ಹೊತ್ತೊಯ್ಯಬಹುದಾದಷ್ಟು ಹಗುರ. ವಸತಿ ಪ್ರದೇಶದ ರಾತ್ರಿಯ ಶಬ್ದಮಿತಿಯನ್ನು ಕಾನೂನು 45 ಡೆಸಿಬೆಲ್ ಎಂದು ನಿಗದಿಪಡಿಸಿದೆ. ಕಾಡಂಚಿನ ಮನೆಗೆ ಅದಕ್ಕಿಂತಲೂ ಹೆಚ್ಚಿನ ಮೌನ ಭೂಷಣ.

ಓಡಿಸುವ ಹೊತ್ತೂ ಮುಖ್ಯ. ಬ್ಯಾಟರಿ ಅರ್ಧದಿಂದ ನೂರಕ್ಕೆ 85ರವರೆಗೆ ಬೇಗ ತುಂಬುತ್ತದೆ. ಉಳಿದ ಪಾಲು ನಿಧಾನವಾಗಿ, ಕಡಿಮೆ ಪ್ರವಾಹವನ್ನಷ್ಟೇ ಹೀರುತ್ತದೆ. ಆದುದರಿಂದ ಬೆಳಗ್ಗೆಯೇ ಮೂರೂವರೆ ಗಂಟೆ ಯಂತ್ರ ಓಡಿಸಿ, ಕೊನೆಯ ಭಾಗವನ್ನು ಮಧ್ಯಾಹ್ನದ ಮಂಕು ಬಿಸಿಲಿಗೆ ಬಿಡುವುದು ಜಾಣತನ. ಸಂಜೆ ಓಡಿಸಿದರೆ ಆ ಕೊನೆಯ ಭಾಗಕ್ಕೂ ಪೆಟ್ರೋಲೇ ಸುಡಬೇಕು. ಮೇಲಿನ ಮನೆಗೆ ಒಂದು ಸಲಕ್ಕೆ ಸುಮಾರು ಒಂದೂವರೆ ಲೀಟರ್ ಬೇಕು. ಮೂರು ದಿನಕ್ಕೊಮ್ಮೆಯಂತೆ ಆರು ವಾರ ಓಡಿಸಿದರೂ 20 ಲೀಟರಿನ ಆಸುಪಾಸು. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೆ ಯೂನಿಟ್ ಒಂದಕ್ಕೆ 85 ರೂಪಾಯಿ ಬೀಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಬ್ಯಾಟರಿ ಉಳಿಸಲು ಇಷ್ಟನ್ನು ತೆರುವುದು ತಪ್ಪಲ್ಲ. ದಿನನಿತ್ಯದ ಅಭ್ಯಾಸವಾಗಿಸುವುದು ತಪ್ಪು.

ಗೋಬರ್ ಗ್ಯಾಸಿನಿಂದ ಜನರೇಟರ್ ಓಡಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಓಡಿಸಬಹುದು. ಆದರೆ ಒಂದು ಘನಮೀಟರ್ ಅನಿಲಕ್ಕೆ ಸುಮಾರು 25 ಕಿಲೊ ಸಗಣಿ ಬೇಕು. ಸಣ್ಣ ಎಂಜಿನ್ ಅದರಿಂದ ಒಂದು, ಒಂದೂವರೆ ಯೂನಿಟ್ ಮಾತ್ರ ತೆಗೆಯಬಲ್ಲದು. ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡನ್ನು ಸೋಸದಿದ್ದರೆ ಎಂಜಿನ್ ಸವೆಯುತ್ತದೆ. ನಾಲ್ಕೈದು ದನಗಳ ಮನೆಯಲ್ಲಿ ಆ ಅನಿಲ ಒಲೆಗೆ ಹೋಗುವುದೇ ಸರಿ. ಕಾಡಿನ ಕಟ್ಟಿಗೆ ಉಳಿಯುತ್ತದೆ.

ಮಳೆಯೇ ಕೊಡುವ ಉತ್ತರ

ಸೂರ್ಯನನ್ನು ಮರೆಮಾಡುವ ಮಳೆಯೇ ಹಳ್ಳವನ್ನು ತುಂಬುತ್ತದೆ. ಬಯಲುಸೀಮೆಗಿಲ್ಲದ ಈ ಸೌಭಾಗ್ಯವನ್ನು ಮಲೆನಾಡಿನ ಮನೆಗಳು ಪೆಟ್ರೋಲ್ ಡಬ್ಬಿ ಹಿಡಿಯುವ ಮೊದಲು ಪರಿಶೀಲಿಸಬೇಕು. ಅಬ್ಬಿ ನೀರನ್ನು ದಬ್ಬೆಯಲ್ಲಿ, ಪೈಪಿನಲ್ಲಿ ಮನೆಯಂಗಳಕ್ಕೆ ಇಳಿಸಿಕೊಂಡು ಬಂದವರಿಗೆ ನೀರಿನ ಇಳಿಜಾರಿನ ಅರಿವು ಹೊಸತಲ್ಲ.

ಲೆಕ್ಕ ಸುಲಭ. ಸೆಕೆಂಡಿಗೆ ಹರಿಯುವ ನೀರು ಎಷ್ಟು ಲೀಟರ್, ಬೀಳುವ ಎತ್ತರ ಎಷ್ಟು ಮೀಟರ್ ಎಂಬುದನ್ನು ಗುಣಿಸಿ, ಬಂದುದನ್ನು ಐದರಿಂದ ಗುಣಿಸಿದರೆ ಚೆನ್ನಾಗಿ ಮಾಡಿದ ಕಿರು ಟರ್ಬೈನ್ ಕೊಡುವ ವ್ಯಾಟ್ ಸಿಗುತ್ತದೆ. ತೀರ ಸಣ್ಣ ಯಂತ್ರಗಳಿಗೆ ಮೂರರಿಂದ ಗುಣಿಸುವುದು ಕ್ಷೇಮ. ಹದಿನೈದು ಲೀಟರಿನ ಕೊಡಪಾನ ಐದು ಸೆಕೆಂಡಿನಲ್ಲಿ ತುಂಬಿದರೆ ಹರಿವು ಮೂರು ಲೀಟರ್. ಎತ್ತರವನ್ನು ನೀರು ತುಂಬಿದ ಪಾರದರ್ಶಕ ನಳಿಕೆಯಿಂದ ಹಂತಹಂತವಾಗಿ ಅಳೆಯಬಹುದು. ಸೆಕೆಂಡಿಗೆ ಒಂದೇ ಲೀಟರ್ ನೀರು 20 ಮೀಟರ್ ಎತ್ತರದಿಂದ ಬಂದರೂ 60 ವ್ಯಾಟ್ ಸಿಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಹಳ್ಳಕ್ಕೆ ಹಗಲು ರಾತ್ರಿಯೆಂಬುದಿಲ್ಲ. 24 ಗಂಟೆಗೆ ಅದು 1,440 ವ್ಯಾಟ್-ಗಂಟೆ, ಮೇಲಿನ ಮನೆಯ ಅಗತ್ಯದ ಇಮ್ಮಡಿ. ಡಿಸೆಂಬರ್ ಕಳೆದು ಹಳ್ಳ ಸೊರಗುವ ಹೊತ್ತಿಗೆ ಬಿಸಿಲು ಬಲಿತಿರುತ್ತದೆ.

ಎರಡು ಎಚ್ಚರಿಕೆಗಳಿವೆ. ಬ್ಯಾಟರಿ ತುಂಬಿದ ಮೇಲೆ ಟರ್ಬೈನಿನ ಹೊರೆ ತೆಗೆದರೆ ಅದು ಹತೋಟಿ ಮೀರಿ ತಿರುಗುತ್ತದೆ. ಹೆಚ್ಚಾದ ವಿದ್ಯುತ್ತನ್ನು ಕಾಯಿಸುವ ಕಾಯಿಲ್ಲಿಗೆ ತಿರುಗಿಸುವ ವ್ಯವಸ್ಥೆ ಬೇಕು. ಬಚ್ಚಲ ನೀರು ಬೆಚ್ಚಗಾದರೆ ಅದೂ ಲಾಭವೇ. ಎರಡನೆಯದು, ಹಳ್ಳ ಒಬ್ಬರದಲ್ಲ. ಪೂರ್ತಿ ಹರಿವನ್ನು ಕಟ್ಟದೆ ಒಂದು ಪಾಲನ್ನಷ್ಟೇ ಪಡೆದು ಅದೇ ಹಳ್ಳಕ್ಕೆ ಮರಳಿಸಬೇಕು. ಮೀನು, ಏಡಿ, ಕೆಳಗಿನ ಮನೆಯ ಕುಡಿಯುವ ನೀರು ಇವುಗಳ ಹಕ್ಕು ಮೊದಲನೆಯದು. ಅರಣ್ಯಭೂಮಿಯಾದರೆ ಇಲಾಖೆಯ ಅನುಮತಿಯೂ ಬೇಕು.

ಹಳ್ಳವಿಲ್ಲದ ಮನೆಗಳಿಗೆ

ಗುಡ್ಡದ ನೆತ್ತಿಯ ಮನೆಗಳಿಗೆ ಈ ದಾರಿಯಿಲ್ಲ. ಅಲ್ಲಿ ಕ್ರಮ ಹೀಗಿರಲಿ. ಮೊದಲು ಕಡುಮಳೆಯ ವಾರಗಳಲ್ಲಿ ಬಳಕೆ ತಗ್ಗಿಸುವುದು, ಟಿ.ವಿ., ಮಿಕ್ಸಿ ಬಿಟ್ಟರೆ ಮೇಲಿನ ಮನೆಯ ಬಳಕೆಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಎರಡನೆಯದು ಫಲಕ ಹೆಚ್ಚಿಸುವುದು. ಫಲಕದ ಬೆಲೆ ಎರಡು ದಶಕಗಳಲ್ಲಿ ಬಹಳ ಇಳಿದಿರುವುದರಿಂದ ಮಳೆಗಾಲವನ್ನೇ ಲೆಕ್ಕಕ್ಕೆ ಹಿಡಿದು ಇಮ್ಮಡಿ ಫಲಕ ಹಾಕುವುದು ಹಲವು ಕಡೆ ಜನರೇಟರಿಗಿಂತ ಅಗ್ಗ. ಮೂರನೆಯದು ಬ್ಯಾಟರಿಯ ಬಗೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅರೆ ತುಂಬಿ ಉಳಿದರೂ ಹಾನಿಯಿಲ್ಲ. ಸಂಗ್ರಹದ ನೂರಕ್ಕೆ 80 ಪಾಲು ಬಳಸಬಹುದು. ಮೊದಲ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಇಷ್ಟಾದರೂ ಕೊರತೆ ಉಳಿದಲ್ಲಿ ನಾಲ್ಕನೆಯದಾಗಿ ಜನರೇಟರ್, ಅದೂ ಮನೆಗೊಂದಲ್ಲ. ಮೂರು ದಿನಕ್ಕೊಮ್ಮೆ ಬೇಕಾಗುವ ಯಂತ್ರವನ್ನು ಮೂರು ಮನೆಯವರು ಸೇರಿ ಕೊಂಡು ಸರದಿಯಲ್ಲಿ ಬಳಸಬಹುದು. ಮುಯ್ಯಾಳಿನ ಪದ್ಧತಿ ತಿಳಿದ ಊರುಗಳಿಗೆ ಇದು ಕಷ್ಟವಲ್ಲ.

ಜೀವಕ್ಕೆ ಸಂಬಂಧಿಸಿದ ಮಾತು

ಮಳೆ ಬರುತ್ತಿದೆಯೆಂದು ಯಂತ್ರವನ್ನು ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಮುಚ್ಚಿದ ಕೋಣೆಯಲ್ಲಿ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮೇಲೇಳುವುದಿಲ್ಲ. ಮನೆಯಿಂದ ದೂರ, ಗಾಳಿ ಆಡುವಲ್ಲಿ, ಮೇಲೆ ಮಾತ್ರ ಮಾಡಿರುವ ಗುಡಾರ ಸಾಕು. ಮನೆಗೆ ಸರಕಾರದ ತಂತಿಯೂ ಬಂದಿದ್ದರೆ ಎರಡನ್ನೂ ಬೇರ್ಪಡಿಸುವ ಚೇಂಜ್-ಓವರ್ ಸ್ವಿಚ್ ಕಡ್ಡಾಯ. ಇಲ್ಲದಿದ್ದರೆ ಜನರೇಟರಿನ ವಿದ್ಯುತ್ತು ತಂತಿಗೆ ಹಿಮ್ಮುಖವಾಗಿ ಹರಿದು ಕಂಬ ಹತ್ತಿದ ಲೈನ್‌ಮನ್ನನ ಜೀವ ತೆಗೆಯಬಹುದು. ಮಳೆಗಾಲ ಮುಗಿದ ಮೇಲೆ ಟ್ಯಾಂಕಿನ ಮತ್ತು ಕಾರ್ಬ್ಯುರೇಟರಿನ ಪೆಟ್ರೋಲ್ ಖಾಲಿ ಮಾಡಿಡಬೇಕು. ಒಂಬತ್ತು ತಿಂಗಳು ಹಳಸಿದ ಪೆಟ್ರೋಲಿನ ಯಂತ್ರ ಮುಂದಿನ ಆರಿದ್ರೆಯಲ್ಲಿ ಹೊತ್ತುವುದಿಲ್ಲ.

ವಿದ್ಯಾರ್ಥಿ ಮಿತ್ರರು ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಬಹುದು. ತಮ್ಮೂರಿನ ಹಳ್ಳಗಳ ಹರಿವನ್ನು ವಾರಕ್ಕೊಮ್ಮೆ ಕೊಡಪಾನ ಹಿಡಿದು ಅಳೆದು, ಮನೆಯ ಬ್ಯಾಟರಿಯ ವೋಲ್ಟೇಜನ್ನು ಪ್ರತಿ ಬೆಳಗ್ಗೆ ದೀಪ ಹಚ್ಚುವ ಮೊದಲೇ ನೋಡಿ ಪುಸ್ತಕದಲ್ಲಿ ಬರೆದಿಡುವುದು. ವಿರಮಿಸಿದ 12 ವೋಲ್ಟಿನ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.1ಕ್ಕೆ ಇಳಿದರೆ ಅರ್ಧ ಮುಗಿದಿದೆ. ಆಶ್ಲೇಷಾ ಮಳೆ ಮುಗಿಯುವ ಹೊತ್ತಿಗೆ ಯಾವ ಮನೆಗೆ ಟರ್ಬೈನ್, ಯಾವ ಮನೆಗೆ ಇನ್ನೊಂದು ಫಲಕ, ಯಾವ ಮೂರು ಮನೆಗಳಿಗೆ ಕೂಡಿ ಒಂದು ಜನರೇಟರ್ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಅಂಗಡಿಗೆ ಹೋಗುವವರು ಆ ಪುಸ್ತಕ ಹಿಡಿದು ಹೋಗಲಿ.